ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಜೋಡಣೆ: ಪಿನ್ನಿನಿಂದ ಹಿಂದಿನ ದೀಪದವರೆಗೆ

ಬೆಂಗಳೂರು: ರಜೆಯ ದಿನಗಳಲ್ಲಿ ಕಾರಿನ ಹಿಂದೆ ವಾಸದ ಬಂಡಿಯೊಂದನ್ನು ಕಟ್ಟಿಕೊಂಡು ಪ್ರವಾಸ ಹೊರಡುವುದು ವಿದೇಶಗಳಲ್ಲಿ ಸಾಮಾನ್ಯ. ನಮ್ಮಲ್ಲಿ ಅಂತಹ ಬಂಡಿಗಳು ಅಪರೂಪವಾದರೂ, ಒಂದು ವಾಹನದ ಹಿಂದೆ ಇನ್ನೊಂದನ್ನು ಕಟ್ಟಿ ಎಳೆಯುವ ದೃಶ್ಯ ನಗರದ ಉತ್ತರ ಭಾಗಕ್ಕೆ ಹೊಸದೇನಲ್ಲ. ಯಲಹಂಕ, ಜಕ್ಕೂರು, ಥಣಿಸಂದ್ರ, ವಿದ್ಯಾರಣ್ಯಪುರದ ಬಡಾವಣೆಗಳಿಗೆ ಕೊಳವೆಬಾವಿಯ ನೀರನ್ನು ತರುವ ಟ್ರ್ಯಾಕ್ಟರ್ ಟ್ಯಾಂಕರುಗಳೇ ಇದಕ್ಕೆ ಸಾಕ್ಷಿ. ಇವೆರಡನ್ನೂ ಬಂಧಿಸಿರುವುದು ಒಂದೇ ಒಂದು ಕಬ್ಬಿಣದ ಪಿನ್. ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲಿ ಅದು ಕಳಚಿದರೆ ಏನಾದೀತೆಂಬುದನ್ನು ಹಿಂದೆ ಬರುವ ದ್ವಿಚಕ್ರ ಸವಾರರು ಬಲ್ಲರು.

ಮೊದಲು ಭಾರದ ಲೆಕ್ಕವನ್ನು ಗಮನಿಸಬೇಕು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 5,000 ಲೀಟರಿನ ಟ್ಯಾಂಕರ್ ತುಂಬಿದರೆ ನೀರೇ 5 ಟನ್; ತೊಟ್ಟಿ, ಚಾಸಿ, ಚಕ್ರಗಳ ತೂಕ ಬೇರೆ. ಇದನ್ನು ಎಳೆಯುವ 45 ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕವಾದರೋ ಸುಮಾರು 2 ಟನ್ ಮಾತ್ರ. ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದೇ ಎರಡೂವರೆ ಪಟ್ಟು ಭಾರ. ಇಳಿಜಾರಿನಲ್ಲಿ ಎತ್ತಿನ ಗಾಡಿಯ ಭಾರವೆಲ್ಲ ನೊಗದ ಮೂಲಕ ಎತ್ತುಗಳ ಮೇಲೆ ಬಂದು ಅವುಗಳನ್ನೇ ದೂಡುವುದನ್ನು ಕಂಡವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ನೀರು ಇಟ್ಟಿಗೆಯಂತೆ ಇಟ್ಟಲ್ಲಿ ಇರುವುದಿಲ್ಲ ಎಂಬುದು ಇನ್ನೊಂದು ತೊಡಕು. ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ನುಗ್ಗಿ ಕೊಂಡಿಯನ್ನು ಅದುಮುತ್ತದೆ. ವೇಗ ಹೆಚ್ಚಿಸಿದಾಗ ಹಿಂದಕ್ಕೆ ಸರಿದು ಕೊಂಡಿಯನ್ನು ಮೇಲೆತ್ತುತ್ತದೆ. ತೊಟ್ಟಿ ಪೂರ್ತಿ ತುಂಬಿದ್ದರೆ ನೀರಿಗೆ ಹೊಯ್ದಾಡಲು ಜಾಗವಿರುವುದಿಲ್ಲ. ಅರ್ಧ ಇಳಿಸಿ ಉಳಿದರ್ಧವನ್ನು ಮತ್ತೊಂದು ಮನೆಗೆ ಒಯ್ಯುವಾಗಲೇ ಅಪಾಯ ಹೆಚ್ಚು. ತೊಟ್ಟಿಯೊಳಗೆ ಅಡ್ಡ ತಡೆಗಳಿದ್ದರೆ ಈ ಹೊಯ್ದಾಟ ತಗ್ಗುತ್ತದೆ. ತೊಟ್ಟಿ ಮಾಡಿಸುವಾಗ ಇದನ್ನು ಕೇಳಿಯೇ ಹಾಕಿಸಿಕೊಳ್ಳುವುದು ಲೇಸು.

ಕೊಂಡಿಯ ಎತ್ತರ

ಟ್ರೈಲರನ್ನು ತಯಾರಕರು ಒದಗಿಸಿರುವ ಹುಕ್ ಅಥವಾ ಡ್ರಾಬಾರಿಗೆ ಮಾತ್ರ ಜೋಡಿಸತಕ್ಕದ್ದು. ಕೊಂಡಿಯು ಹಿಂದಿನ ಆಕ್ಸಲ್ಲಿಗಿಂತ ಮೇಲಿದ್ದರೆ ಭಾರವು ಟ್ರ್ಯಾಕ್ಟರಿನ ಮುಂಭಾಗವನ್ನು ಮೇಲಕ್ಕೆತ್ತಿ, ಏರಿನಲ್ಲಿ ಹಿಮ್ಮುಖವಾಗಿ ಮಗುಚುವ ಸಂಭವವಿದೆ. ನೇಗಿಲು ಕಟ್ಟುವ ಹೈಡ್ರಾಲಿಕ್ ತೋಳುಗಳ ಮೇಲಿನ ಕೊಂಡಿಗೆ ಟ್ಯಾಂಕರ್ ಸಿಕ್ಕಿಸುವ ಪರಿಪಾಠ ಇಂತಹ ಅನಾಹುತಕ್ಕೆ ನೇರ ದಾರಿ. ಎರಡು ಚಕ್ರದ ಟ್ರೈಲರಿನಲ್ಲಿ ಭಾರದ ಒಂದು ಪಾಲು ಹುಕ್ಕಿನ ಮೇಲೆಯೇ ಕೂರುವುದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಏರು ಹತ್ತುವಾಗ ಮುಂದಿನ ಚಕ್ರಗಳು ಹಗುರವಾಗಿ ಸ್ಟೇರಿಂಗ್ ಹಿಡಿತಕ್ಕೆ ಸಿಗದಂತಾದರೆ ಹೊರೆ ಮಿತಿಮೀರಿದೆ ಎಂದೇ ಅರ್ಥ.

ಪಿನ್ ಮತ್ತು ಕಡಾಣಿ

ರಂಧ್ರಕ್ಕೆ ಸರಿಹೊಂದುವ ದಪ್ಪದ, ತಲೆಯುಳ್ಳ ಉಕ್ಕಿನ ಪಿನ್ ಇರಬೇಕು. ಅದರ ಕೆಳತುದಿಗೆ ಕ್ಲಿಪ್ ಅವಶ್ಯ. ಗಾಡಿಯ ಚಕ್ರ ಜಾರದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯ ಕೆಲಸವನ್ನೇ ಈ ಕ್ಲಿಪ್ ಇಲ್ಲಿ ಮಾಡುತ್ತದೆ. ಆದರೆ ರಸ್ತೆಯಲ್ಲಿ ನಿಂತು ನೋಡಿದರೆ ಕಾಣುವುದೇ ಬೇರೆ. ಕಟ್ಟಡದ ಕಂಬಿಯ ತುಂಡೊಂದನ್ನು ಪಿನ್ ಎಂದು ತೂರಿಸಿ, ಕ್ಲಿಪ್ಪಿನ ಬದಲು ತಂತಿಯನ್ನೋ ಬಟ್ಟೆಯನ್ನೋ ಸುತ್ತಿದ ಟ್ಯಾಂಕರುಗಳಿಗೆ ಕೊರತೆಯಿಲ್ಲ. ಗುಂಡಿಯಲ್ಲಿ ಚಕ್ರ ಇಳಿದೇಳುವಾಗ ಸಡಿಲ ಪಿನ್ ಮೇಲಕ್ಕೆ ಪುಟಿಯುತ್ತದೆ. ನಮ್ಮ ರಸ್ತೆಗಳಲ್ಲಿ ಗುಂಡಿಗಳಿಗೇನೂ ಬರವಿಲ್ಲ. ಪಿನ್ ಸವೆದು ನಡು ಸಣ್ಣಗಾಗಿದ್ದರೆ, ಹುಕ್ಕಿನ ರಂಧ್ರ ಅಂಡಾಕಾರವಾಗಿದ್ದರೆ ಅವನ್ನು ಬದಲಿಸಲೇಬೇಕು.

ಇದರ ಜೊತೆಗೆ ಭಾರ ತಡೆಯಬಲ್ಲ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಪರಸ್ಪರ ಅಡ್ಡಹಾಯುವಂತೆ ಕಟ್ಟಬೇಕು. ಪಿನ್ ಮುರಿದರೂ ಮೂಕಿಯು ನೆಲಕ್ಕೆ ಬಡಿಯದೆ ಸರಪಳಿಗಳ ಮಡಿಲಲ್ಲಿ ನಿಲ್ಲುತ್ತದೆ. ತಿರುವಿಗೆ ತಕ್ಕಷ್ಟು ಸಡಿಲವಿರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ಜೋಡಿಸುವಾಗ ಸಹಾಯಕನು ಎರಡು ವಾಹನಗಳ ನಡುವೆ ನಿಲ್ಲಕೂಡದು. ಚಾಲಕನು ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು, ಗೇರನ್ನು ನ್ಯೂಟ್ರಲಿಗಿಟ್ಟು, ಕೈಬ್ರೇಕ್ ಎಳೆದು, ಎಂಜಿನ್ ನಿಲ್ಲಿಸಿದ ಮೇಲೆಯೇ ಸಹಾಯಕನು ಒಳಸರಿದು ಪಿನ್ ಹಾಕಬೇಕು. ಪಂಪಿಗೆ ಪಿಟಿಒ ದಂಡ ಜೋಡಿಸಿದ್ದರೆ ಅದು ತಿರುಗುತ್ತಿರುವಾಗ ಪಂಚೆ ಅಥವಾ ಟವೆಲ್ ಹತ್ತಿರ ಸುಳಿಯಬಾರದು.

ಬ್ರೇಕ್, ದೀಪ, ಕಾಗದಪತ್ರ

ಟ್ರ್ಯಾಕ್ಟರಿಗೆ ಎಡ, ಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲುಗಳಿವೆ. ಹೊಲದಲ್ಲಿ ತಟ್ಟನೆ ತಿರುಗಲು ಇದು ಅನುಕೂಲ. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಚಿಲಕದಿಂದ ಒಂದುಗೂಡಿಸಬೇಕು. ಇಲ್ಲವಾದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಭಾರ ಅದರ ಮೇಲೆಯೇ ಬೀಳುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳ ಗೇರಿಗೆ ಬರಬೇಕು. ಇಳಿಯುವಾಗ ಕ್ಲಚ್ ಒತ್ತುವುದಾಗಲಿ ನ್ಯೂಟ್ರಲ್ ಮಾಡುವುದಾಗಲಿ ಸಲ್ಲದು.

ಟ್ರೈಲರಿನ ಹಿಂದೆ ಕೆಂಪು ದೀಪ, ತಿರುವು ಸೂಚಕ, ಪ್ರತಿಫಲಕಗಳು ಇರಬೇಕು. ಮೋಟಾರು ವಾಹನ ಕಾಯ್ದೆ 1988ರ 61ನೇ ಕಲಮಿನ ಪ್ರಕಾರ ಟ್ರೈಲರಿಗೆ ಅದರದೇ ನೋಂದಣಿ ಸಂಖ್ಯೆ ಇರತಕ್ಕದ್ದು; ಜೊತೆಗೆ ಎಳೆಯುವ ವಾಹನದ ಸಂಖ್ಯೆಯೂ ಟ್ರೈಲರಿನ ಮೇಲೆ ಕಾಣಿಸಬೇಕು. ಚಾಲನಾ ಪರವಾನಗಿಯ ಬಗ್ಗೆ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಬಗೆಹರಿಸಿತು. ಟ್ರ್ಯಾಕ್ಟರ್ ಓಡಿಸುವ ಸಿಂಧು ಪರವಾನಗಿ ಉಳ್ಳವನು ಅದಕ್ಕೆ ಟ್ರೈಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ವಿಮೆಯ ಮಾತು ಬೇರೆ. ಪಾಲಿಸಿಯಲ್ಲಿ ಟ್ರೈಲರಿನ ಉಲ್ಲೇಖವಿದೆಯೇ, ಕೃಷಿಗೆಂದು ನೋಂದಣಿಯಾದ ಟ್ರ್ಯಾಕ್ಟರಿನಲ್ಲಿ ನೀರು ಮಾರಲಾಗುತ್ತಿತ್ತೇ ಎಂಬ ಪ್ರಶ್ನೆಗಳನ್ನು ಪರಿಹಾರದ ಮೊಕದ್ದಮೆಗಳಲ್ಲಿ ವಿಮಾ ಕಂಪನಿಗಳು ಎತ್ತುವುದುಂಟು. ಗಾಯಗೊಂಡವರ ಪರಿಹಾರ ಕೊನೆಗೆ ಮಾಲೀಕನ ಜೇಬಿನಿಂದಲೇ ಹೋಗಬೇಕಾಗಬಹುದು.

2024ರ ಮಾರ್ಚ್ ತಿಂಗಳ ನೀರಿನ ಬವಣೆಯಲ್ಲಿ ಜಿಲ್ಲಾಡಳಿತವು ಟ್ಯಾಂಕರುಗಳಿಗೆ ದರ ನಿಗದಿಪಡಿಸಿದ್ದು ಓದುಗರಿಗೆ ನೆನಪಿರಬಹುದು. 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದಿತ್ತು. ಲೋಡಿನ ಲೆಕ್ಕದಲ್ಲಿ ಹಣ ಬರುವ ಕಸುಬಿನಲ್ಲಿ ಕ್ಲಿಪ್ ಹುಡುಕುವ ಎರಡು ನಿಮಿಷವೂ ದುಬಾರಿ ಎನಿಸುವುದು ಸಹಜ.

ಬಿಚ್ಚುವಾಗಲೂ ಅವಸರ ಬೇಡ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟ್ರೈಲರಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮೂಕಿಯ ಕೆಳಗೆ ಸ್ಟ್ಯಾಂಡ್ ಇಳಿಸಿದ ನಂತರವೇ ಪಿನ್ ಕೀಳಬೇಕು. ಎರಡು ಚಕ್ರದ ಟ್ಯಾಂಕರಿನಲ್ಲಿ ಉಳಿದ ನೀರು ಹಿಂಬದಿಗೆ ಸರಿದಿದ್ದರೆ, ಪಿನ್ ಹೊರಬಂದ ಕ್ಷಣದಲ್ಲಿ ಮೂಕಿಯು ರಪ್ಪನೆ ಮೇಲಕ್ಕೆ ಚಿಮ್ಮುತ್ತದೆ. ಬಗ್ಗಿ ನಿಂತವನ ಗಲ್ಲಕ್ಕೆ ಅದು ತಾಗುವ ಎತ್ತರದಲ್ಲಿಯೇ ಇರುತ್ತದೆ.