ಹಾರ್ನ್ ಕಥಿ, ಭಾಗ 3: ಗಾಳಿಯೋ, ಕರೆಂಟೋ?

ಬೆಳಗಾವಿಯಿಂದ ಖಾನಾಪುರ ತಾಲೂಕಿನ ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಹೊಂಟ್ರ, ಮಳೆಗಾಲದಾಗ ತಿರುವಿನ ಆಚೆ ಏನೈತಿ ಅಂತ ಕಾಣೂದಿಲ್ಲ. ಗೋವಾಕ್ಕ ಹೊಂಟ ನಿಮ್ಮ ಕ್ಯಾಂಪರ್ ವ್ಯಾನಿನ ಏರ್ ಹಾರ್ನ್ ಅಲ್ಲೇ ಕೈಕೊಟ್ರ? ಹಾರ್ನಿನ ಇತಿಹಾಸಾನೇ ರಿಪೇರಿ ಕಲಿಸ್ತೈತಿ, ನೋಡ್ರಿ.

ಹಳೇ ಮೋಟಾರುಗಳಿಗೆ ಇದ್ದದ್ದು ಪೋಂ ಪೋಂ ಹಾರ್ನ್. ರಬ್ಬರ್ ಚೆಂಡು ಅಮುಕಿದರೆ ಗಾಳಿ ಒಳಗಿನ ಲೋಹದ ಪಟ್ಟಿಯನ್ನು ನಡುಗಿಸುತ್ತಿತ್ತು. 1908ರಲ್ಲಿ ಅಮೆರಿಕದಾಗ ಕ್ಲಾಕ್ಸನ್ ಬಂತು. ಅದರಲ್ಲಿ ಕರೆಂಟಿನ ಮೋಟರು ಡಯಾಫ್ರಾಮ್ ಎಂಬ ತೆಳು ತಗಡನ್ನು ನಡುಗಿಸಿತು. ಮುಂದೆ ಏರ್ ಬ್ರೇಕಿನ ಲಾರಿ, ಬಸ್ಸುಗಳಲ್ಲಿ ಬ್ರೇಕಿನ ಟ್ಯಾಂಕಿನ ಗಾಳಿಯೇ ಹಾರ್ನಿಗೂ ಸಿಕ್ಕಿತು. ಏರ್ ಬ್ರೇಕ್ ಇಲ್ಲದ ಗಾಡಿಗೆ ಪುಟ್ಟ ಕಂಪ್ರೆಸರ್ ಕೂಡಿಸ್ತಾರ.

ಅಂದ್ರ ಇವತ್ತಿನ ಹಾರ್ನಿನಾಗ ಕರೆಂಟು, ಗಾಳಿ, ಡಯಾಫ್ರಾಮ್ ಮೂರೂ ಅದಾವ. ಬಟನ್ ಒತ್ತಿ ಕೇಳ್ರಿ. ಕಂಪ್ರೆಸರ್ ಸುಮ್ಮನಿದ್ರ ಫ್ಯೂಸ್, ರಿಲೇ, ಅರ್ಥಿಂಗ್ ನೋಡ್ರಿ. ಕಂಪ್ರೆಸರ್ ಓಡಿದ್ರೂ ದನಿ ಸಣ್ಣಗಾದ್ರ ಪೈಪಿಗೆ ಸೋಪಿನ ನೀರು ಹಚ್ರಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಬುಸ್ ಅಂತ ಗಾಳಿ ಅಷ್ಟೇ ಬಂದ್ರ, ಡಯಾಫ್ರಾಮಿಗೆ ನೀರು, ಧೂಳು ಕೂತಿರಬಹುದು.

ಹೊಸದು ಹಾಕಿಸೋ ಮುಂದ ನೆನಪಿರಲಿ: 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ರಾಗ ಬದಲಿಸುವ ಹಾರ್ನಿಗೆ ಅವಕಾಶವಿಲ್ಲ. ಘಾಟಿನ ತಿರುವಿನಾಗ ಒಂದೇ ದನಿ ಸಾಕು, ಆದ್ರ ಒತ್ತಿದಾಗ ಬರಬೇಕು. ಸೇವ್ ಮಾಡಿ ಇಟ್ಕೊಳ್ರಿ.