ಆಸ್ಪತ್ರೆಗಳಲ್ಲಿ ಪ್ರಾಯೋಗಿಕ ತರಬೇತಿ: ಆರೋಗ್ಯ ವಿಜ್ಞಾನ ವಿದ್ಯಾರ್ಥಿಗಳಿಗೆ ಮಾಹಿತಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ವ್ಯಾಸಂಗ ಮಾಡುತ್ತಿರುವ ಅಥವಾ ಪ್ರವೇಶ ಬಯಸುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ
ರಾಜ್ಯದ ಆರೋಗ್ಯ ವಿಜ್ಞಾನ ಪದವಿ ಕಾಲೇಜುಗಳ ಸಂಯೋಜನೆಗಾಗಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಹೊಸಕೋಟೆ ಹಾಗೂ ದೇವನಹಳ್ಳಿಯಲ್ಲಿ ಆಸ್ಪತ್ರೆಸಹಿತ ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಕೆಲವು ಶುಶ್ರೂಷಾ ಕಾಲೇಜುಗಳ ವಿದ್ಯಾರ್ಥಿಗಳು ಬೇರೆ ಆಸ್ಪತ್ರೆಗಳಿಗೆ ತೆರಳಿ ತರಬೇತಿ ಪಡೆಯುತ್ತಾರೆ.

2. ತರಬೇತಿಯ ಗುಣಮಟ್ಟ
ಕಟ್ಟಡದ ಅಂದವು ತರಬೇತಿಯ ಅಳತೆಗೋಲಲ್ಲ. ವಾರ್ಡಿನಲ್ಲಿ ಸಾಕಷ್ಟು ರೋಗಿಗಳಿರುವರೇ, ಬೋಧಕರು ಜೊತೆಗಿದ್ದು ತಪ್ಪನ್ನು ತಿದ್ದುವರೇ ಎಂಬುದೇ ಮುಖ್ಯ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರತಕ್ಕದ್ದು. ಕೇವಲ ರಿಜಿಸ್ಟರ್ ಬರೆದು ದಿನ ಕಳೆದ ವಿದ್ಯಾರ್ಥಿಯ ಕೊರತೆಯು ಮುಂದೆ ರೋಗಿಗೆ ತಟ್ಟುತ್ತದೆ.

3. ಪ್ರವೇಶಕ್ಕೆ ಮುನ್ನ ವಿಚಾರಿಸಬೇಕಾದ ಅಂಶಗಳು
ಅ) ತರಬೇತಿ ಆಸ್ಪತ್ರೆಯ ಹೆಸರು ಮತ್ತು ಹಾಸಿಗೆಗಳ ಸಂಖ್ಯೆ.
ಆ) ಕಾಲೇಜಿನಿಂದ ದೂರ, ವಾಹನ ವ್ಯವಸ್ಥೆ ಹಾಗೂ ಅದರ ವೆಚ್ಚ.
ಇ) ರಾತ್ರಿ ಪಾಳಿಯಲ್ಲಿ ಭದ್ರತೆ ಮತ್ತು ವಿಶ್ರಾಂತಿ ಕೊಠಡಿ.
ಇವುಗಳಿಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ.

4. ಸುರಕ್ಷತೆ
ತರಬೇತಿಗೆ ಮುನ್ನ ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್‌ಗಳನ್ನು ಪೂರೈಸುವುದು ಹಿತಕರ. ಬಳಸಿದ ಸೂಜಿ ಚುಚ್ಚಿದಲ್ಲಿ ಗಾಯವನ್ನು ಸೋಪು ನೀರಿನಿಂದ ತೊಳೆದು, ತಕ್ಷಣ ವರದಿ ಮಾಡತಕ್ಕದ್ದು. ಎಚ್‌ಐವಿ ತಡೆ ಔಷಧಿಯನ್ನು ಸಾಧ್ಯವಾದರೆ 2 ಗಂಟೆಗಳೊಳಗೆ, ತಪ್ಪಿದಲ್ಲಿ 72 ಗಂಟೆಗಳೊಳಗೆ ಆರಂಭಿಸಬೇಕು. ಬೈಯುವರೆಂಬ ಭಯದಿಂದ ವಿಷಯವನ್ನು ಮುಚ್ಚಿಡಬಾರದು.

5. ದೂರು ಸಲ್ಲಿಸುವ ವಿಧಾನ
"ತರಬೇತಿ ತೃಪ್ತಿಕರವಾಗಿಲ್ಲ" ಎಂದಷ್ಟೇ ಬರೆದರೆ ಪರಿಶೀಲನೆ ಕಷ್ಟ. ದಿನಾಂಕ, ವಾರ್ಡು, ಕಲಿಸದೆ ಬಿಟ್ಟ ವಿಷಯ ನಮೂದಿಸಿ, ಲಾಗ್‌ಬುಕ್ ಪುಟಗಳ ಪ್ರತಿ ಲಗತ್ತಿಸಬೇಕು. ಮಾಡದ ಕೆಲಸಕ್ಕೆ ಲಾಗ್‌ಬುಕ್‌ನಲ್ಲಿ ಸಹಿ ಪಡೆಯಬಾರದು. ಅದು ತಮ್ಮ ದೂರನ್ನೇ ದುರ್ಬಲಗೊಳಿಸುತ್ತದೆ. ದೂರನ್ನು ಮೊದಲು ಪ್ರಾಂಶುಪಾಲರಿಗೆ ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಪದವಿ ವಿದ್ಯಾರ್ಥಿಗಳು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಮನವಿ ಸಲ್ಲಿಸಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2023ರ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ.

6. ಮಾಹಿತಿ ಹಕ್ಕು
ಕಾಲೇಜಿನ ಪರಿವೀಕ್ಷಣಾ ವರದಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಸೂಚನೆ: ಸಲ್ಲಿಸಿದ ಪ್ರತಿಯೊಂದು ಅರ್ಜಿಯ ನಕಲನ್ನು ಸ್ವೀಕೃತಿಯೊಂದಿಗೆ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.