ಬೋನಾಳದ ಕೆರೆ, ಸುರಪುರದ ಬಾಲರಾಜ ಮತ್ತು ಯತೀಮನ ಮಾಸಾಶನ

ಸುರಪುರ ತಾಲ್ಲೂಕಿನ ಬೋನಾಳವನ್ನು ಇಂದು ಜನರು ಪಕ್ಷಿಧಾಮದಿಂದ ಗುರುತಿಸುತ್ತಾರೆ. ಹಕ್ಕಿಗಳನ್ನು ಸೆಳೆಯುವ ಆ ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಸುಧಾರಿಸಿದವನೆಂದು ಫಿಲಿಪ್ ಮೆಡೋಸ್ ಟೇಲರನನ್ನು ಈ ಭಾಗದ ಜನ ಈಗಲೂ ನೆನೆಯುತ್ತಾರೆ. ಆದರೆ ಟೇಲರ್ ಈ ನಾಡಿಗೆ ಬಂದದ್ದು ಕೆರೆಯ ಕೆಲಸಕ್ಕಲ್ಲ, ತಂದೆಯನ್ನು ಕಳೆದುಕೊಂಡ ಒಬ್ಬ ಬಾಲಕನ ಕಾರಣಕ್ಕೆ.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ ಮಗು. ಅಧಿಕಾರ ಯಾರ ಕೈಯಲ್ಲಿರಬೇಕೆಂಬ ಬಗ್ಗೆ ತಾಯಿ ರಾಣಿ ಈಶ್ವರಮ್ಮನಿಗೂ ಮೃತ ರಾಜನ ಸಹೋದರ ಪಿಡ್ಡನಾಯಕನಿಗೂ ತಿಕ್ಕಾಟ ನಡೆಯಿತು. ಮೇಲಾಗಿ ಹೈದರಾಬಾದಿಗೆ ಸಲ್ಲಬೇಕಾದ ಹಣದ ಬಾಕಿ ಬೆಳೆದಿತ್ತು. ಈ ಸಂದರ್ಭದಲ್ಲಿ ನಿಯುಕ್ತನಾಗಿ ಬಂದ ಟೇಲರ್ 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡನು. ಬಾಲಕ ತನ್ನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನೆಂದು ಅವನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಮಮತೆ ಸುಳ್ಳಾಗಿತ್ತೆಂದು ನಾವು ಹೇಳಲಾರೆವು. ಆದರೆ ಅವನನ್ನು ಕಳುಹಿಸಿದ ಸರಕಾರಕ್ಕೆ ಬೇಕಾಗಿದ್ದದ್ದು ಸಂಸ್ಥಾನದ ಲೆಕ್ಕಪತ್ರ ಮತ್ತು ಶಾಂತಿ. ಮಗುವಿನ ಬಂಧುಗಳು ಅದರ ಕಣ್ಣಿಗೆ ಬರಿಯ ತೊಡಕಾಗಿ ಕಂಡರು. ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಅದೇ ಸರಕಾರದ ವಿರುದ್ಧ ಹೋರಾಡಿ ಸೆರೆಯಾದನು. ಅದೇ ವರ್ಷ ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತನು. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಟೇಲರ್ ಮಂಜಿಲ್ ಮಾತ್ರ ಸುರಪುರದಲ್ಲಿ ಉಳಿದಿದೆ.

ರಾಜಕುಮಾರನ ಕಥೆಯಾದ್ದರಿಂದ ಇದು ಗ್ರಂಥಗಳಲ್ಲಿ ಉಳಿಯಿತು. ಆದರೆ ಇದರ ಒಳಗಿರುವ ಪ್ರಶ್ನೆ ಬಡವರ ಮನೆಯದೂ ಹೌದು. ತಂದೆತಾಯಿಗಳ ಆಸರೆಯಿಲ್ಲದ ಮಗುವಿನ ಹೊಣೆಯನ್ನು ಸರಕಾರ ವಹಿಸಿಕೊಂಡಾಗ ಬಂಧುಗಳ ಸ್ಥಾನವೇನು? ಮಗು ಬಂಧುಗಳ ಮನೆಯಲ್ಲಿದ್ದರೆ ಅದರ ಖರ್ಚು ಯಾರದು?

ಈ ಪ್ರಶ್ನೆಗೆ ನಮ್ಮ ಇತಿಹಾಸದಲ್ಲಿ ಸ್ಪಷ್ಟವಾದ ಉತ್ತರವಿದೆ. ಪ್ರವಾದಿವರ್ಯರು(ಸ) ಸ್ವತಃ ಬಂಧುಗಳ ಮನೆಯಲ್ಲಿ ಬೆಳೆದ ಯತೀಮರು. ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ ಎಂಟರಲ್ಲಿ ಅಜ್ಜನನ್ನೂ ಕಳೆದುಕೊಂಡ ಅವರನ್ನು ಸಾಕಿದ ದೊಡ್ಡಪ್ಪ ಅಬೂತಾಲಿಬರು ಹಣವಂತರಾಗಿರಲಿಲ್ಲ, ಮನೆ ತುಂಬ ಮಕ್ಕಳಿದ್ದರು. ಮುಂದೆ ಮಕ್ಕಾದಲ್ಲಿ ಬರಗಾಲ ಬಂದಾಗ ಪ್ರವಾದಿವರ್ಯರು(ಸ) ಚಿಕ್ಕಪ್ಪ ಅಬ್ಬಾಸರ(ರ) ಜೊತೆ ಅಬೂತಾಲಿಬರಲ್ಲಿಗೆ ಹೋಗಿ ಆ ಮನೆಯ ಭಾರವನ್ನು ಹಂಚಿಕೊಂಡರು. ಅಲಿಯನ್ನು(ರ) ತಾವು ಕರೆತಂದರು, ಜಅಫರರನ್ನು(ರ) ಅಬ್ಬಾಸರು ಒಯ್ದರು. ಸಾಕುವವನ ಹೆಗಲ ಮೇಲೂ ಒಂದು ತೂಕವಿದೆಯೆಂಬುದನ್ನು ಆ ಮನೆಯಲ್ಲಿ ಬೆಳೆದವರಿಗಿಂತ ಚೆನ್ನಾಗಿ ಬಲ್ಲವರಾರು?

ಹಿಜರಿ 7ರಲ್ಲಿ ಉಮ್ರಾ ಮುಗಿಸಿ ಮಕ್ಕಾದಿಂದ ಹೊರಟಾಗ ಹುತಾತ್ಮ ಹಂಝಾರ(ರ) ಮಗಳು ಹಿಂದೆ ಓಡಿಬಂದಳು. ಅವಳನ್ನು ಸಾಕುವ ಹಕ್ಕು ತಮ್ಮದೆಂದು ಅಲಿ, ಜಅಫರ್, ಝೈದ್(ರ) ಮೂವರೂ ವಾದಿಸಿದರು. ಮಗು ಬೇಡವೆಂದು ಜಾರಿಕೊಳ್ಳುವ ಜಗಳಗಳನ್ನೇ ಹೆಚ್ಚಾಗಿ ನೋಡುವ ನಮಗೆ ಈ ಜಗಳ ಬೆರಗು ಹುಟ್ಟಿಸುತ್ತದೆ. ಜಅಫರರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ) ಆ ಹುಡುಗಿಯ ತಾಯಿಯ ಸಹೋದರಿಯಾಗಿದ್ದರು. ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ, ಖಾಲಾ. ಖಾಲಾ ತಾಯಿಯ ಸ್ಥಾನದಲ್ಲಿದ್ದಾಳೆಂದು ಹೇಳಿ ಪ್ರವಾದಿವರ್ಯರು(ಸ) ಹುಡುಗಿಯನ್ನು ಅವರ ಮನೆಗೆ ಒಪ್ಪಿಸಿದರು.

ಮಗು ಯಾರ ಮಡಿಲಿಗೆಂಬುದು ಹೀಗೆ ತೀರ್ಮಾನವಾಯಿತು. ಖರ್ಚಿನ ಮಾತನ್ನು ಇತ್ಯರ್ಥಗೊಳಿಸಿದವರು ಖಲೀಫಾ ಉಮರ್(ರ). ಬನೂ ಸುಲೈಮಿನ ಅಬೂ ಜಮೀಲಾ ಎಂಬವರಿಗೆ ದಾರಿಯಲ್ಲಿ ತ್ಯಜಿಸಲ್ಪಟ್ಟ ಒಂದು ಶಿಶು ಸಿಕ್ಕಿತು. ಅವರು ಅದನ್ನು ಖಲೀಫರ ಬಳಿಗೆ ತಂದರು. ಉಮರ್(ರ) ಮೊದಲು ಸಂಶಯಪಟ್ಟು, ಇದನ್ನೇಕೆ ಎತ್ತಿಕೊಂಡೆ ಎಂದು ವಿಚಾರಿಸಿದರು. ಇವರು ಸಜ್ಜನರೆಂದು ಆ ಗೋತ್ರದ ಮುಖ್ಯಸ್ಥ ಸಾಕ್ಷಿ ಹೇಳಿದ ಬಳಿಕ, ಮಗುವನ್ನು ಅವರ ಕೈಗೇ ಕೊಟ್ಟು ಅದರ ವೆಚ್ಚ ನಮ್ಮ ಮೇಲಿದೆಯೆಂದು ತೀರ್ಪಿತ್ತರು. ಇಮಾಮ್ ಮಾಲಿಕರ(ರ) ಮುವತ್ತಾದಲ್ಲಿ ಈ ವರದಿಯಿದೆ. ಹೊತ್ತು ತಂದವನ ಯೋಗ್ಯತೆಯ ವಿಚಾರಣೆ ನಡೆಯಿತು, ಮನೆಯ ಆಸರೆ ಉಳಿಯಿತು, ಹಣ ಬೈತುಲ್ ಮಾಲಿನಿಂದ ಬಂತು. ಇಂತಹ ಮಕ್ಕಳಿಗೆ ಅವರು 100 ದಿರ್ಹಮ್ ಗೊತ್ತುಪಡಿಸಿ, ಅದರ ಜೊತೆಗೆ ಪೋಷಕನು ಪ್ರತಿ ತಿಂಗಳೂ ಬಂದು ಪಡೆಯುವಂತೆ ಆಹಾರದ ಪಾಲನ್ನೂ ನಿಗದಿಪಡಿಸುತ್ತಿದ್ದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಇದನ್ನು ಭಿಕ್ಷೆಯೆಂದು ಅಂದು ಯಾರೂ ಭಾವಿಸಲಿಲ್ಲ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 6ನೆಯ ಸೂಕ್ತ ಯತೀಮನ ಸೊತ್ತನ್ನು ನೋಡಿಕೊಳ್ಳುವ ಸ್ಥಿತಿವಂತನಿಗೆ ಅದರಿಂದ ದೂರವಿರಲು ಹೇಳುತ್ತದೆ, ಬಡವನಿಗೆ ನ್ಯಾಯೋಚಿತವಾದಷ್ಟನ್ನು ಬಳಸಲು ಅನುಮತಿಸುತ್ತದೆ. ಉಮರ್(ರ) ಸಾರ್ವಜನಿಕ ಖಜಾನೆಯ ಮುಂದೆ ತಮ್ಮನ್ನು ಯತೀಮನ ಪೋಷಕನಿಗೆ ಹೋಲಿಸಿಕೊಂಡು ಇದೇ ನಿಯಮವನ್ನು ತಮಗೂ ಅನ್ವಯಿಸಿಕೊಂಡರು.

ಇನ್ನು ನಮ್ಮ ಕಾಲದ ಮಾತು. 2015ರ ಬಾಲನ್ಯಾಯ ಕಾಯ್ದೆಯಂತೆ ಆಸರೆಯಿಲ್ಲದ ಮಗುವಿನ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯೆಂಬುದು ಆ ಕಾಯ್ದೆಯ ತತ್ವ. ಯೋಗ್ಯ ಬಂಧುಗಳಿದ್ದರೆ ಮಗುವನ್ನು ಅವರಿಗೆ ಒಪ್ಪಿಸಬಹುದು. ಅದಕ್ಕೆ ಮುಂಚೆ ಮನೆಗೆ ಬಂದು ವಿಚಾರಿಸುತ್ತಾರೆ. ಅಬೂ ಜಮೀಲಾರನ್ನೂ ವಿಚಾರಿಸಲಾಗಿತ್ತೆಂಬುದು ನೆನಪಿದ್ದರೆ ಅದರಿಂದ ಮುನಿಸಿಕೊಳ್ಳಬೇಕಾಗಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಇಂತಹ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಬಂಧುಗಳ ಆಶ್ರಯದಲ್ಲಿರುವ ಅನಾಥ ಮಕ್ಕಳು, ವಿಧವೆ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳು, ತಂದೆತಾಯಿ ಮಾರಕ ರೋಗಕ್ಕೆ ತುತ್ತಾದ ಮಕ್ಕಳು ಇದರಲ್ಲಿ ಸೇರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮಗಳಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಕೋವಿಡ್ಡಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರಿಗಾಗಿ ಕರ್ನಾಟಕ ಸರಕಾರ 2021ರಲ್ಲಿ ಬಾಲಸೇವಾ ಯೋಜನೆಯನ್ನು ಪ್ರಕಟಿಸಿ, ಪೋಷಕರಿಗೆ ತಿಂಗಳಿಗೆ 3,500 ರೂಪಾಯಿ ಗೊತ್ತುಪಡಿಸಿತು.

ಆದರೆ ಕೇಳುವವರು ಬೇಕಲ್ಲ! ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವ ಈ ಸೀಮೆಯಲ್ಲಿ ಮಕ್ಕಳನ್ನು ನಾನಿಯೋ ದಾದಿಯೋ ಸಾಕುವುದು ಹೊಸದೇನಲ್ಲ. ಹೋದವರು ಮರಳಿ ಬಾರದಾದಾಗಲೂ ಆ ಮುದುಕಿಯೇ ಸಾಕುತ್ತಾಳೆ. ಸರಕಾರದ ಬಾಗಿಲಿಗೆ ಹೋದರೆ ಮನೆತನದ ಮಾನ ಹೋದೀತೆಂದು ಗಂಡಸರು ತಡೆಯುತ್ತಾರೆ. ಅದೇ ಗಂಡಸರು, ಕೈ ಸಾಗದಾದಾಗ, ಎಂಟು ವರ್ಷದ ಹುಡುಗನನ್ನು ದೂರದ ಯತೀಮ್‌ಖಾನೆಗೆ ಬಿಟ್ಟುಬರಲು ಹಿಂಜರಿಯುವುದಿಲ್ಲ. ಯತೀಮ್‌ಖಾನೆಗಳ ಸೇವೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಯಾರೂ ಇಲ್ಲದವನಿಗೆ ಅದು ಮನೆಯೇ ಸರಿ. ಖಾಲಾ ಬದುಕಿರುವಾಗ, ಬರಿಯ ಅನ್ನದ ಖರ್ಚಿಗಾಗಿ ಮಗುವನ್ನು ಅವಳಿಂದ ಅಗಲಿಸುವುದಕ್ಕೆ ಮಾತ್ರ ನಮ್ಮ ಆಕ್ಷೇಪ.

ಮಸೀದಿಯ ಜಮಾಅತ್ ಇಲ್ಲಿ ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ಓದುಬರಹ ಬಲ್ಲ ಯುವಕನೊಬ್ಬ ತಂದೆಯ ಮರಣಪತ್ರ, ಆದಾಯ ಪ್ರಮಾಣಪತ್ರ, ಮಗುವಿನ ಆಧಾರ್, ಶಾಲೆಯ ದಾಖಲೆಗಳನ್ನು ಹೊಂದಿಸಿಕೊಂಡು ಆ ಅಜ್ಜಿಯನ್ನು ಯಾದಗಿರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದೊಯ್ಯಬೇಕು. 1098ಕ್ಕೆ ಕರೆಮಾಡಿದರೂ ದಾರಿ ತಿಳಿಯುತ್ತದೆ. ಮರಣಪತ್ರವನ್ನು ಮಾತ್ರ ಮರಣವಾದ ಹೊಸತರಲ್ಲೇ ಮಾಡಿಸಿಟ್ಟುಕೊಳ್ಳಬೇಕು. ಹೊರ ರಾಜ್ಯದಲ್ಲಿ ಸತ್ತವನ ಮರಣಪತ್ರವನ್ನು ವರ್ಷಗಳ ಬಳಿಕ ಬೋನಾಳದ ಮುದುಕಿಯೊಬ್ಬಳು ಎಲ್ಲಿಂದ ತಂದಾಳು?